ಹುಟ್ಟುಗಳ್ಳರೆಂಬ ಸುಳ್ಳು ಮತ್ತು ವಿಜಾಪುರದ ಸೆಟ್ಲಮೆಂಟು: ಒಂದು ಪ್ರಕರಣ ಅಧ್ಯಯನ

ಕೆಲವು ಜಾತಿಗಳ ರಕ್ತದಲ್ಲೇ ಕಳ್ಳತನವಿರುತ್ತದೆ ಎಂಬ ನಂಬಿಕೆಯನ್ನು ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ಎಂಬ ಕಾನೂನಾಗಿ ಬರೆಯಿತು. ನಲವತ್ತು ವರ್ಷಗಳ ತರುವಾಯ ಆ ಕಾನೂನು ಮುಂಬಯಿ ಪ್ರಾಂತಕ್ಕೂ ಅದರ ದಕ್ಷಿಣ ಭಾಗದಲ್ಲಿದ್ದ ವಿಜಾಪುರ ಜಿಲ್ಲೆಗೂ ಬಂದಿತು. ಈಗಿನ ಬಾಗಲಕೋಟೆ ಜಿಲ್ಲೆಯ ಬಹುಭಾಗವೂ ಆಗ ಅದೇ ಜಿಲ್ಲೆಯೊಳಗಿತ್ತು. ಪ್ರಾಂತದ ಮೊದಮೊದಲ ‘ಅಪರಾಧಿ ಬುಡಕಟ್ಟು’ ವಸಾಹತುಗಳಲ್ಲಿ, ಅಂದರೆ ಈ ಜನರನ್ನು ಕಾವಲಿನಲ್ಲಿ ಇರಿಸುವ ನೆಲೆಗಳಲ್ಲಿ, ಒಂದು 1910ರ ಆಸುಪಾಸಿನಲ್ಲಿ ವಿಜಾಪುರದಲ್ಲಿ ಆರಂಭವಾಯಿತು. ಅಂಥವೇ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲೂ ಬಂದವು. ಜನ ಅವುಗಳನ್ನು ಸೆಟ್ಲಮೆಂಟ್ ಎಂದು ಕರೆದರು. ಹುಬ್ಬಳ್ಳಿ ಮತ್ತು ಗದಗಗಳಲ್ಲಿ ಆ ಹೆಸರಿನ ಬಡಾವಣೆಗಳು ಇಂದಿಗೂ ಇವೆ. ವಿಜಾಪುರದ ಆ ವಸಾಹತನ್ನೂ ಅದರ ಹಿಂದುಮುಂದನ್ನೂ ಒಂದು ಪ್ರಕರಣವಾಗಿ ಎತ್ತಿಕೊಂಡು, ಬಹುಜನ ನಂಬಿದ ಸುಳ್ಳೊಂದು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬಲಿಯಿತು, ಯಾರ ಬದುಕನ್ನು ಹೇಗೆ ಕೆಡಿಸಿತು, ಅದನ್ನು ಅಲ್ಲಗಳೆಯುವ ಪುರಾವೆ ಕಣ್ಣೆದುರಿಗೇ ಇದ್ದಾಗಲೂ ಏಕೆ ಉಳಿಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಇಂಥ ಸುಳ್ಳುಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ವೇದಿಕೆಯ ಮೇಲೆ ಕಿರುಚುವವರನ್ನು ಮತ್ತು ಬೀದಿಯಲ್ಲಿ ಕಲ್ಲು ಹಿಡಿದವರನ್ನು ನೆನೆಯುತ್ತೇವೆ. ಈ ಪ್ರಕರಣದಲ್ಲಿ ಅಂಥವರು ಬಹಳ ಕಡಿಮೆ. ಇಲ್ಲಿ ಇರುವವರು ರಿಜಿಸ್ಟರ್ ತುಂಬುವ ಗುಮಾಸ್ತರು, ಹಾಜರಿ ಕೂಗುವ ಜಮಾದಾರರು, ಶಾಲೆ ಕಟ್ಟಿಸಿದ ಅಧಿಕಾರಿಗಳು ಮತ್ತು ತಮ್ಮ ಪಾಡಿಗೆ ತಾವಿದ್ದ ಊರ ಹಿರಿಯರು. ಬಹುಪಾಲು ಮಂದಿ ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿದ್ದರು. ಈ ಸುಳ್ಳಿಗೆ ಎಂಬತ್ತು ವರ್ಷಗಳ ಆಯುಷ್ಯ ಬಂದದ್ದು ಆ ನಂಬಿಕೆಯಿಂದ ಎಂಬುದು ನನ್ನ ತೀರ್ಮಾನ.

ಕಾನೂನಿಗಿಂತ ಮುಂಚೆ

ಮುಂಬಯಿ ಕರ್ನಾಟಕದಲ್ಲಿ ಪೊಲೀಸರ ಕಣ್ಣಿಗೆ ಬಿದ್ದ ಸಮುದಾಯಗಳಲ್ಲಿ ಹರಣಶಿಕಾರಿಗಳು, ಕೊರಚರು ಅಥವಾ ಕೊರಮರು, ಗಂಟಿಚೋರರು, ಛಪ್ಪರಬಂದರು ಮುಖ್ಯರು. ಇವರ ಭಾಷೆ ಬೇರೆ ಬೇರೆ, ದೇವರು ಬೇರೆ ಬೇರೆ, ಧರ್ಮವೂ ಒಂದೇ ಅಲ್ಲ, ಛಪ್ಪರಬಂದರು ಮುಸ್ಲಿಮರು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಹೆಣ್ಣು ತರುವವರಲ್ಲ. ಇವರೆಲ್ಲರಿಗೂ ಸಮಾನವಾಗಿದ್ದ ಸಂಗತಿ ಒಂದೇ: ಒಂದೂರಿನಲ್ಲಿ ನೆಲೆ ನಿಂತು ಒಕ್ಕಲುತನ ಮಾಡದೆ ತಿರುಗಾಡಿ ಹೊಟ್ಟೆ ಹೊರೆಯುತ್ತಿದ್ದರು.

ಹಾಗೆ ತಿರುಗಾಡುವುದಕ್ಕೆ ಕಾರಣವಿತ್ತು. ಕೊರಚರು ಕತ್ತೆ ಮತ್ತು ಎತ್ತುಗಳ ಮೇಲೆ ಉಪ್ಪು ಮತ್ತು ಕಾಳು ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಡುವೆ ವ್ಯಾಪಾರ ನಡೆಸಿದವರು. ಜೊತೆಗೆ ಬುಟ್ಟಿ, ಕಸಬರಿಗೆ, ಹಗ್ಗ ಮಾಡಿ ಮಾರುತ್ತಿದ್ದರು. ಲಂಬಾಣಿಗಳು ಇನ್ನೂ ದೊಡ್ಡ ಪ್ರಮಾಣದಲ್ಲಿ ಸೈನ್ಯಗಳಿಗೆ ದವಸ ಸಾಗಿಸುತ್ತಿದ್ದರು, ಮೊಗಲರ ದಂಡಿಗೂ ನಂತರ ಇಂಗ್ಲಿಷರ ದಂಡಿಗೂ ಅವರ ಎತ್ತಿನ ಹಿಂಡುಗಳೇ ಆಧಾರ. ಛಪ್ಪರಬಂದರ ಹಿರಿಯರು ಹೇಳುವಂತೆ ಅವರ ಪೂರ್ವಜರು ಮೊಗಲ್ ಸೈನ್ಯದ ಬೀಡಿನಲ್ಲಿ ಚಪ್ಪರ ಹಾಕುತ್ತ ದಕ್ಷಿಣಕ್ಕೆ ಬಂದವರು. ಹರಣಶಿಕಾರಿಗಳು ಉರುಲು ಹಾಕಿ ಚಿಗರಿ ಹಿಡಿಯುತ್ತಿದ್ದರು. ಬೆಳೆ ಮೇಯುವ ಚಿಗರಿಯನ್ನು ಹಿಡಿಯುವವನು ರೈತನಿಗೆ ಬೇಕಾದವನೇ ಆಗಿದ್ದ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಸುಬುಗಳು ಒಂದರ ಹಿಂದೊಂದು ಮುರಿದು ಬಿದ್ದವು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಮತ್ತು ತೆರಿಗೆ ಬಿಗಿಯಾದವು. 1878ರ ಅರಣ್ಯ ಕಾಯ್ದೆ ಕಾಡನ್ನು ಸರ್ಕಾರದ ಸೊತ್ತಾಗಿ ಮಾಡಿ, ಬಿದಿರು, ನಾರು, ಬೇಟೆ ಎಲ್ಲವನ್ನೂ ಅಪ್ಪಣೆಯ ವಸ್ತುಗಳನ್ನಾಗಿಸಿತು. 1880ರ ದಶಕದಲ್ಲಿ ಗದಗದಿಂದ ಬಾಗಲಕೋಟೆ, ವಿಜಾಪುರಗಳ ಮೂಲಕ ಹೊಟಗಿಯವರೆಗೆ ರೈಲು ಬಂದ ಮೇಲೆ ಹೇರೆತ್ತಿಗೆ ಕೆಲಸ ಉಳಿಯಲಿಲ್ಲ. ಇವೆಲ್ಲದರ ನಡುವೆ 1876ರಿಂದ 1878ರವರೆಗಿನ ಭೀಕರ ಬರ ಬಂದಿತ್ತು. ಆಗ ಕಲಾದಗಿ ಜಿಲ್ಲೆ ಎಂದು ಕರೆಸಿಕೊಳ್ಳುತ್ತಿದ್ದ ಈ ಸೀಮೆಯ ಜನಸಂಖ್ಯೆ 1872 ಮತ್ತು 1881ರ ಗಣತಿಗಳ ನಡುವೆ ಸುಮಾರು ಐದರಲ್ಲೊಂದು ಪಾಲು ಕುಸಿಯಿತು. ಹೊಲವಿದ್ದವರೇ ಊರು ಬಿಟ್ಟ ಆ ಕಾಲದಲ್ಲಿ ಹೊಲವೂ ಇಲ್ಲದೆ ವ್ಯಾಪಾರವೂ ಇಲ್ಲದೆ ಉಳಿದವರಲ್ಲಿ ಕೆಲವರು ಕದ್ದಿರಬಹುದು. ಕದ್ದರು ಎಂದೇ ಇಟ್ಟುಕೊಳ್ಳೋಣ. ಬಡತನವೇ ಕಳ್ಳತನವಲ್ಲ, ಆದರೆ ಬರಗಾಲದ ಕಳ್ಳತನಕ್ಕೆ ಬರವೇ ಸಾಕಷ್ಟು ವಿವರಣೆ. ಸರ್ಕಾರ ಆ ವಿವರಣೆಯನ್ನು ಒಪ್ಪಲು ಸಿದ್ಧವಿರಲಿಲ್ಲ, ಏಕೆಂದರೆ ಒಪ್ಪಿದ್ದರೆ ಉಪ್ಪು, ಕಾಡು, ಕಂದಾಯಗಳ ವಿಷಯದಲ್ಲಿ ತಾನೇ ಉತ್ತರ ಹೇಳಬೇಕಾಗುತ್ತಿತ್ತು. ಕುಲದ ಗುಣ ಎಂದುಬಿಟ್ಟರೆ ಆ ಹೊಣೆ ಇರುವುದಿಲ್ಲ.

ಸುಳ್ಳಿಗೆ ಶಾಸನದ ಬಲ

1871ರ ಕಾನೂನಿನ ಪರವಾಗಿ ಮಂಡನೆಯಾದ ವಾದ ಈಗ ಓದಿದರೆ ವಿಚಿತ್ರವಾಗಿ ಕಾಣುತ್ತದೆ. ಈ ದೇಶದಲ್ಲಿ ನೇಕಾರನ ಮಗ ನೇಕಾರ, ಬಡಿಗನ ಮಗ ಬಡಿಗ. ಹಾಗಿದ್ದ ಮೇಲೆ ಕಳ್ಳರ ಕುಲಗಳೂ ಇರಲೇಬೇಕು, ಅವರ ಮಕ್ಕಳೂ ಕಳ್ಳರೇ ಆಗಬೇಕು ಎಂಬುದು ಅದರ ಸಾರ. ಠಗ್ಗರ ಕಥೆಗಳಿಂದ ಹುಟ್ಟಿದ ಭಯವೂ 1857ರ ದಂಗೆಯ ನಂತರ ತಿರುಗಾಡುವ ಜನರ ಮೇಲೆ ಹುಟ್ಟಿದ ಅನುಮಾನವೂ ಇದಕ್ಕೆ ಒತ್ತಾಸೆಯಾಗಿ ನಿಂತವು. ವಿಜ್ಞಾನದ ಆಸರೆ ಬಂದದ್ದು ಆಮೇಲೆ: ಅಪರಾಧಿಗಳು ಹುಟ್ಟಿನಿಂದಲೇ ಬೇರೆ ಜಾತಿಯ ಮನುಷ್ಯರೆಂದು ಇಟಲಿಯ ಚೆಸಾರೆ ಲೊಂಬ್ರೊಸೊ ತನ್ನ ಸಿದ್ಧಾಂತವನ್ನು ಪ್ರಕಟಿಸಿದ್ದು 1876ರಲ್ಲಿ, ಅಂದರೆ ಕಾನೂನು ಬಂದ ಐದು ವರ್ಷಗಳ ನಂತರ. ತೀರ್ಪು ಮೊದಲು ಬಂದಿತು, ಸಾಕ್ಷಿ ಹಿಂದಿನಿಂದ ಬಂದಿತು.

ಆದರೆ ಎಲ್ಲ ತಪ್ಪನ್ನೂ ಇಂಗ್ಲಿಷರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಾಗದು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಯಾವ ಕಲೆಕ್ಟರನೂ ನಮಗೆ ಕಲಿಸಲಿಲ್ಲ. ಹುಟ್ಟಿನಿಂದಲೇ ಯೋಗ್ಯತೆಯನ್ನು ಅಳೆಯುವ ಸಮಾಜದಲ್ಲಿ, ಹುಟ್ಟಿನಿಂದಲೇ ಅಪರಾಧವನ್ನು ಅಳೆಯುವ ಕಾನೂನು ಪರಕೀಯವೆಂದು ಯಾರಿಗೂ ತೋರಲಿಲ್ಲ. ಊರ ಗೌಡ, ಕುಲಕರ್ಣಿ, ವಾಲೀಕಾರರಿಗೆ ಅದು ಅನುಕೂಲಕರವೂ ಆಗಿತ್ತು: ಕಣದಲ್ಲಿ ಜೋಳದ ಚೀಲ ಕಾಣೆಯಾದಾಗ ಯಾರ ಗುಡಿಸಲಿಗೆ ಹೋಗಬೇಕೆಂಬುದು ಮೊದಲೇ ನಿರ್ಧಾರವಾಗಿರುತ್ತಿತ್ತು.

ಇದೇ ನೆಲದಲ್ಲಿ ಇದಕ್ಕೆ ವಿರುದ್ಧವಾದ ಪರಂಪರೆಯೂ ಇತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಬಸವಣ್ಣನವರ ಬಾಗೇವಾಡಿ ಇದೇ ಜಿಲ್ಲೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನ ಹಾಕುವ ವೃತ್ತಿಯನ್ನು ಬಿಟ್ಟು ಬಂದ ಕನ್ನದ ಮಾರಿತಂದೆ ಇದ್ದಾನೆ. ಅವನ ಹಿಂದಿನ ವೃತ್ತಿ ಅವನ ಹೆಸರಿನಲ್ಲಿ ಉಳಿಯಿತು, ಆದರೆ ಶರಣರ ಸಾಲಿನಿಂದ ಅವನನ್ನು ಯಾರೂ ಹೊರಗಿಡಲಿಲ್ಲ. ಹಗ್ಗ ಹೊಸೆದು ಕಾಯಕ ಮಾಡಿದ ನುಲಿಯ ಚಂದಯ್ಯ ವಿಜಯಪುರ ಜಿಲ್ಲೆಯ ಶಿವಣಗಿಯವನೆಂದು ಪ್ರತೀತಿ, ಕೊರಮ ಸಮುದಾಯ ಅವನನ್ನು ತನ್ನ ಕುಲಗುರುವೆಂದು ಪೂಜಿಸುತ್ತದೆ. ಕಾಯಕದ ಶರಣನನ್ನು ಹಿರಿಯನೆಂದು ಎಣಿಸುವ ಕುಲವನ್ನು ವಂಶಪಾರಂಪರ್ಯ ಕಳ್ಳರೆಂದು ಸರ್ಕಾರ ಗುರುತಿಸಿದಾಗ, ಆ ಶರಣರ ಹೆಸರು ಹೇಳುತ್ತಿದ್ದ ಅಕ್ಕಪಕ್ಕದ ಕೇರಿಗಳು ಮಾತಾಡಲಿಲ್ಲ. ಗಾದೆ ವಚನಕ್ಕಿಂತ ಬಲವಾಗಿತ್ತು.

1908ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಮೈಕೆಲ್ ಕೆನೆಡಿ ಪ್ರಾಂತದ ‘ಅಪರಾಧಿ ವರ್ಗ’ಗಳ ಬಗ್ಗೆ ಟಿಪ್ಪಣಿಗಳ ದಪ್ಪ ಸಂಪುಟವೊಂದನ್ನು ಹೊರತಂದ. ಪ್ರತಿ ಸಮುದಾಯಕ್ಕೂ ಒಂದು ಅಧ್ಯಾಯ: ಉಡುಪು ಹೇಗೆ, ಭಾಷೆ ಯಾವುದು, ಎಲ್ಲೆಲ್ಲಿ ತಿರುಗುತ್ತಾರೆ, ಯಾವ ಬಗೆಯ ಅಪರಾಧ ಮಾಡುತ್ತಾರೆ, ಕದ್ದ ಮಾಲನ್ನು ಎಲ್ಲಿ ಅಡಗಿಸುತ್ತಾರೆ. ಛಪ್ಪರಬಂದರೆಂದರೆ ಖೊಟ್ಟಿ ನಾಣ್ಯ ಮಾಡುವವರು ಎಂಬುದು ಅಂಥ ಬರಹಗಳಲ್ಲಿ ಸಿದ್ಧ ಸತ್ಯವಾಗಿತ್ತು. ಸಿಕ್ಕಿಬಿದ್ದ ಕೆಲವರ ತಪ್ಪು ಸಮುದಾಯದ ಲಕ್ಷಣವಾಗಿ, ಹಸುಗೂಸಿನಿಂದ ಮುದುಕಿಯವರೆಗೆ ಎಲ್ಲರ ಮೇಲೂ ಬಿತ್ತು. ಒಂದು ಬರಹದಿಂದ ಇನ್ನೊಂದು ಬರಹಕ್ಕೆ ಇಂಥ ವರ್ಣನೆಗಳು ನಕಲಾಗುತ್ತ ಹೋದವು. ಎರಡು ಮೂರು ಕಡೆ ಒಂದೇ ಮಾತು ಕಂಡಾಗ ಓದುವವನಿಗೆ ಅದು ಎರಡು ಮೂರು ಸಾಕ್ಷಿಗಳಂತೆ ತೋರಿತು. ಈಗಿನ ವಾಟ್ಸ್‌ಆ್ಯಪ್ ಸಂದೇಶ ಬೆಳೆಯುವ ರೀತಿಯೂ ಇದೇ. ವ್ಯತ್ಯಾಸವೆಂದರೆ ಅವತ್ತಿನ ನಕಲಿನ ಮೇಲೆ ಸರ್ಕಾರದ ಮೊಹರು ಇರುತ್ತಿತ್ತು.

ಕಾನೂನಿನ ಕೆಲಸ

ಮೂಲ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ತಿದ್ದುಪಡಿ ಕಾಯ್ದೆ ಅದನ್ನು ಮುಂಬಯಿ, ಮದರಾಸು ಸೇರಿದಂತೆ ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಿತು, 1924ರ ಕಾಯ್ದೆ ಎಲ್ಲವನ್ನೂ ಒಗ್ಗೂಡಿಸಿತು. ಇದರ ನಡೆ ಹೀಗಿತ್ತು. ಒಂದು ಬುಡಕಟ್ಟು, ಗುಂಪು ಅಥವಾ ವರ್ಗ ಜಾಮೀನಿಲ್ಲದ ಅಪರಾಧಗಳನ್ನು ರೂಢಿಯಾಗಿ ಮಾಡುತ್ತದೆ ಎಂದು ಪ್ರಾಂತ ಸರ್ಕಾರಕ್ಕೆ ಅನಿಸಿದರೆ ಅದನ್ನು ಅಧಿಸೂಚನೆಯ ಮೂಲಕ ಅಪರಾಧಿ ಬುಡಕಟ್ಟು ಎಂದು ಘೋಷಿಸಬಹುದಿತ್ತು. ಆ ಘೋಷಣೆಯನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿರಲಿಲ್ಲ. ಘೋಷಣೆಯಾದ ಮೇಲೆ ಮ್ಯಾಜಿಸ್ಟ್ರೇಟನ ಆದೇಶದಂತೆ ಸದಸ್ಯರ ಹೆಸರು ರಿಜಿಸ್ಟರಿಗೆ ಬೀಳುತ್ತಿತ್ತು, ಬೆರಳಚ್ಚು ತೆಗೆಯಲಾಗುತ್ತಿತ್ತು. ರಿಜಿಸ್ಟರಿನಲ್ಲಿದ್ದವರು ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಕೊಡಬೇಕು, ವಾಸ ಬದಲಿಸಿದರೆ ತಿಳಿಸಬೇಕು, ಊರು ಬಿಡಲು ಪಾಸು ಬೇಕು. ಸರ್ಕಾರ ಇಡೀ ಸಮುದಾಯವನ್ನು ವಸಾಹತಿಗೆ ಸಾಗಿಸಬಹುದಿತ್ತು. 6ರಿಂದ 18 ವರ್ಷದ ಮಕ್ಕಳನ್ನು ತಂದೆತಾಯಿಗಳಿಂದ ಬಿಡಿಸಿ ಬೇರೆ ಶಾಲೆಯಲ್ಲಿಡಬಹುದಿತ್ತು. ನಿರ್ದಿಷ್ಟ ಅಪರಾಧಗಳಲ್ಲಿ ಎರಡನೆಯ ಬಾರಿ ಶಿಕ್ಷೆಯಾದರೆ ಕಡಿಮೆಯೆಂದರೂ 7 ವರ್ಷ ಸೆರೆ, ಮೂರನೆಯ ಬಾರಿಯಾದರೆ ಜೀವಾವಧಿ ಗಡೀಪಾರು. ಅದೇ ಅಪರಾಧಕ್ಕೆ ಬೇರೆ ಜಾತಿಯವನಿಗೆ ಈ ಲೆಕ್ಕ ಇರಲಿಲ್ಲ.

ಈ ಕಲಮುಗಳ ಅರ್ಥ ತಿಳಿಯಬೇಕಾದರೆ ಅವನ್ನು ಒಬ್ಬ ಮನುಷ್ಯನ ವಾರಕ್ಕೆ ಹೊಂದಿಸಿ ನೋಡಬೇಕು. ರಿಜಿಸ್ಟರಿನಲ್ಲಿ ಹೆಸರಿರುವ ಕೊರಮನೊಬ್ಬ ಬುಟ್ಟಿ ಹೆಣೆದು ತಾಳಿಕೋಟೆಯ ಸಂತೆಗೆ ಒಯ್ಯಬೇಕೆಂದು ಇಟ್ಟುಕೊಳ್ಳೋಣ. ಅವನು ಮೊದಲು ಪಾಸು ಬೇಡಬೇಕು. ಪಾಸು ಕೊಡುವವನು ಊರಲ್ಲಿಲ್ಲದಿದ್ದರೆ ಅಥವಾ ಅವನಿಗೆ ಕೈಬಿಸಿ ಮಾಡದಿದ್ದರೆ ಸಂತೆಯ ದಿನ ಕಳೆದುಹೋಗುತ್ತದೆ. ಪಾಸಿಲ್ಲದೆ ಹೊರಟರೆ, ಒಂದು ಕಡ್ಡಿಯನ್ನೂ ಕದಿಯದಿದ್ದರೂ, ಹೊರಟದ್ದೇ ಅಪರಾಧ. ಹಿಡಿದರೆ ಶಿಕ್ಷೆ; ಆ ಶಿಕ್ಷೆ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ಕೂರುತ್ತದೆ. ವರ್ಷದ ಕೊನೆಗೆ ಮೇಲಧಿಕಾರಿಗೆ ಹೋಗುವ ವರದಿಯಲ್ಲಿ ಈ ಬುಡಕಟ್ಟಿನವರಿಗೆ ಆದ ಶಿಕ್ಷೆಗಳ ಸಂಖ್ಯೆ ಇರುತ್ತದೆ. ಅದನ್ನು ನೋಡಿದ ಮೇಲಧಿಕಾರಿ, ಇವರು ಅಪರಾಧಿಗಳೇ ಸರಿ, ಹಿಡಿತ ಇನ್ನೂ ಬಿಗಿಯಾಗಬೇಕು ಎಂದು ಟಿಪ್ಪಣಿ ಬರೆಯುತ್ತಾನೆ. ಬುಟ್ಟಿ ಮಾರಲಾಗದ ಕುಟುಂಬ ಹಸಿವಿನಿಂದ ಯಾರದೋ ಹೊಲದಲ್ಲಿ ತೆನೆ ಮುರಿದರೆ ಸಂಖ್ಯೆ ಮತ್ತೊಂದು ಏರುತ್ತದೆ.

ಸುಳ್ಳು ತನ್ನ ಪುರಾವೆಯನ್ನು ತಾನೇ ತಯಾರಿಸಿಕೊಳ್ಳುವ ಬಗೆ ಇದು. ಅಂಕಿಅಂಶವನ್ನು ತೋರಿಸಿ ವಾದಿಸುವವನ ಮುಂದೆ ಸಾಮಾನ್ಯನ ಬಾಯಿ ಕಟ್ಟುತ್ತದೆ, ಆದರೆ ಆ ಅಂಕಿ ಯಾವ ಕಾನೂನಿನ ಹೊಟ್ಟೆಯಿಂದ ಬಂದಿತು ಎಂದು ಕೇಳುವವರು ಅಂದೂ ಕಡಿಮೆ, ಇಂದೂ ಕಡಿಮೆ.

ಇದರ ಇನ್ನೊಂದು ಫಲವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ಕಳವಾದಾಗಲೆಲ್ಲ ಹಾಜರಿ ಪಟ್ಟಿಯವರನ್ನೇ ಎಳೆದು ತಂದರೆ ನಿಜವಾದ ಕಳ್ಳ ನಿಶ್ಚಿಂತನಾಗಿರುತ್ತಾನೆ. ಕದ್ದ ಮಾಲನ್ನು ಕೊಂಡವನು, ಕದಿಯಲು ಕಳಿಸಿದ ಧಣಿ, ಕಣ್ಣು ಮುಚ್ಚಿಕೊಂಡ ಕಾವಲುಗಾರ ಯಾರೂ ಪಟ್ಟಿಯಲ್ಲಿರುವುದಿಲ್ಲ. ತನ್ನ ಮನೆಯ ಕಳವಿಗೆ ನ್ಯಾಯ ಸಿಗಲಿಲ್ಲವೆಂದು ರೈತ ಗೊಣಗಿದ್ದರೆ, ಆ ಗೊಣಗಿಗೆ ಕಾರಣ ಅವನೇ ನಂಬಿದ್ದ ಸುಳ್ಳು.

ಒಳ್ಳೆಯ ಅಧಿಕಾರಿಯ ಸಮಸ್ಯೆ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವ ವ್ಯಕ್ತಿ ಓ. ಎಚ್. ಬಿ. ಸ್ಟಾರ್ಟ್. ಐ.ಸಿ.ಎಸ್. ಅಧಿಕಾರಿಯಾಗಿದ್ದ ಇವರು ವಿಜಾಪುರದಲ್ಲಿ ವಸಾಹತಿನ ಕೆಲಸ ಆರಂಭಿಸಿ, ಮುಂದೆ ಇಡೀ ಮುಂಬಯಿ ಪ್ರಾಂತದ ಅಪರಾಧಿ ಬುಡಕಟ್ಟುಗಳ ವಸಾಹತು ಅಧಿಕಾರಿಯಾದರು. ಇವರು ಕ್ರೂರಿಯಲ್ಲ. ಪೊಲೀಸರ ಲಾಠಿಯಿಂದ ಯಾರೂ ತಿದ್ದಿಕೊಳ್ಳುವುದಿಲ್ಲ, ಕೈಗೆ ಕೆಲಸ, ಮಕ್ಕಳಿಗೆ ಶಾಲೆ, ತಲೆಯ ಮೇಲೆ ಸೂರು ಕೊಟ್ಟರೆ ಮನುಷ್ಯ ಬದಲಾಗುತ್ತಾನೆ ಎಂಬುದು ಇವರ ನಿಲುವು. ಇವರು ರೂಪಿಸಿದ ವ್ಯವಸ್ಥೆಯಲ್ಲಿ ಕುಟುಂಬಗಳು ಮೊದಲು ಕಾವಲಿನ ವಸಾಹತಿನಲ್ಲಿ ಇರಬೇಕು. ನಡತೆ ಚೆನ್ನಾಗಿದ್ದರೆ ನಿಯಂತ್ರಣ ಸಡಿಲವಾಗಿರುವ ಫ್ರೀ ಕಾಲನಿಗೆ ಹೋಗಬಹುದು. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳ ವಸಾಹತುಗಳಿಂದ ಜನ ಹತ್ತಿ ಗಿರಣಿಗಳಿಗೆ ದುಡಿಯಲು ಹೋದರು. ಕೆಲವು ವಸಾಹತುಗಳ ಆಡಳಿತವನ್ನು ಕ್ರೈಸ್ತ ಮಿಷನ್‌ಗಳು ವಹಿಸಿಕೊಂಡವು.

ಗಿರಣಿ ಮಾಲೀಕರಿಗೆ ಊರು ಬಿಟ್ಟು ಹೋಗಲಾರದ, ಮುಷ್ಕರ ಹೂಡಿದರೆ ವಸಾಹತಿನ ಅಧಿಕಾರಿಗೆ ಉತ್ತರ ಹೇಳಬೇಕಾದ ಕೂಲಿಯಾಳುಗಳು ಸಿಕ್ಕರು. ಸರ್ಕಾರಕ್ಕೆ ಸುಧಾರಣೆಯ ಹೆಸರು ಬಂದಿತು. ಮಕ್ಕಳು ಓದು ಬರಹ ಕಲಿತರು ಎಂಬುದೂ ನಿಜವೇ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಹಾಗೆ ಕಲಿತವರ ಮೊಮ್ಮಕ್ಕಳಲ್ಲಿ ವಸಾಹತನ್ನು ಕೃತಜ್ಞತೆಯಿಂದ ನೆನೆಯುವವರೂ ಇರಬಹುದು. ಹಾಗೆ ನೆನೆಯುವ ಹಕ್ಕು ಅವರದು, ನಮ್ಮ ಸಿಟ್ಟನ್ನು ಅವರ ಮೇಲೆ ಹೇರಲಾಗದು.

ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಕೂಲಿ ಮತ್ತು ಶಾಲೆ ಸಿಕ್ಕ ಒಂದು ತಲೆಮಾರಿನೊಳಗೆ ಜನ ಎಲ್ಲರಂತೆ ಬಾಳತೊಡಗಿದರು ಎಂದು ವಸಾಹತು ತನ್ನ ಯಶಸ್ಸನ್ನು ಹೇಳಿಕೊಂಡರೆ, ಅಪರಾಧ ರಕ್ತದಲ್ಲಿದೆ ಎಂಬ ಕಾಯ್ದೆಯ ಅಡಿಗಲ್ಲೇ ಕುಸಿದು ಬೀಳಬೇಕಿತ್ತು. ಗಿರಣಿಯ ಸಂಬಳದಿಂದ ಹೋಗುವ ಗುಣ ಹುಟ್ಟುಗುಣ ಹೇಗಾದೀತು? ಯಾರೂ ಹಾಗೆ ಕೇಳಲಿಲ್ಲ. ಸುಧಾರಣೆ ಯಶಸ್ವಿಯಾದರೆ ಅದು ವಸಾಹತಿನ ಹೆಗ್ಗಳಿಕೆ. ಯಾರಾದರೂ ಓಡಿಹೋದರೆ ಅದು ಅವರ ರಕ್ತದ ದೋಷ. ಯಾವ ಫಲಿತಾಂಶ ಬಂದರೂ ಸೋಲದಂತೆ ಕಟ್ಟಿದ ವಾದವಿದು, ಮತ್ತು ಅಂಥ ವಾದ ಎದುರಾದಾಗ ಅದರೊಳಗೆ ಸುಳ್ಳಿದೆಯೆಂದು ಅನುಮಾನಿಸುವುದು ಲೇಸು.

ಸ್ಟಾರ್ಟ್ ಅವರ ಹೆಸರು ಇನ್ನೊಂದು ಕಡೆಯೂ ಬರುತ್ತದೆ. 1928ರಲ್ಲಿ ಮುಂಬಯಿ ಸರ್ಕಾರ ದಲಿತ ವರ್ಗಗಳ ಮತ್ತು ಆದಿವಾಸಿಗಳ ಸ್ಥಿತಿಗತಿ ವಿಚಾರಿಸಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು, ಡಾ. ಬಿ. ಆರ್. ಅಂಬೇಡ್ಕರ್ ಅದರ ಸದಸ್ಯರು. 1930ರಲ್ಲಿ ಬಂದ ಅದರ ವರದಿಯ ಫಲವಾಗಿ ಹಿಂದುಳಿದ ವರ್ಗಗಳ ಪ್ರತ್ಯೇಕ ಇಲಾಖೆ ರೂಪುಗೊಂಡಿತು. ಇಂದಿನ ಸಮಾಜ ಕಲ್ಯಾಣ ಇಲಾಖೆಯ ಬೇರುಗಳಲ್ಲಿ ಒಂದು ಆ ಸಮಿತಿಯಲ್ಲಿದೆ. ಒಬ್ಬ ಅಧಿಕಾರಿ ಒಂದು ಕೈಯಿಂದ ಸುಳ್ಳಿನ ಮೇಲೆ ನಿಂತ ವಸಾಹತನ್ನು ನಡೆಸುತ್ತ, ಇನ್ನೊಂದು ಕೈಯಿಂದ ಅಸ್ಪೃಶ್ಯರ ಮಕ್ಕಳಿಗೆ ಸಾರ್ವಜನಿಕ ಶಾಲೆಯಲ್ಲಿ ಜಾಗ ಸಿಗಬೇಕೆಂದು ಬರೆಯಬಲ್ಲ. ಅವರನ್ನು ಖಳನಾಯಕನೆಂದು ಕರೆದು ಮುಗಿಸಿದರೆ ಈ ಪ್ರಕರಣದಿಂದ ಕಲಿಯಬೇಕಾದದ್ದು ಕೈತಪ್ಪುತ್ತದೆ.

ಹಾನಿಯ ಲೆಕ್ಕ

ಬೇಲಿ, ಹಾಜರಿ, ಬೆರಳಚ್ಚು ಇವು ಎಲ್ಲರ ಕಣ್ಣಿಗೂ ಕಾಣುವ ಹಾನಿ. ಅವುಗಳಿಗಿಂತ ಆಳಕ್ಕೆ ಇಳಿದ ಹಾನಿ ನಂಟಸ್ತನದ್ದು. ಅಲೆಮಾರಿ ಸಮುದಾಯಗಳ ನ್ಯಾಯ, ಮದುವೆ, ಸಾಲ, ದೇವರ ಕಾರ್ಯ ಎಲ್ಲವೂ ವರ್ಷಕ್ಕೊಮ್ಮೆ ಎಲ್ಲ ಕಡೆಯ ಬಳಗ ಕೂಡುವ ಜಾತ್ರೆ, ಪಂಚಾಯತಿಗಳ ಮೇಲೆ ನಿಂತಿರುತ್ತವೆ. ಪಾಸಿನ ಕಾನೂನು ಆ ಕೂಟಗಳನ್ನೇ ಕತ್ತರಿಸಿತು. ಮಗಳನ್ನು ಕೊಟ್ಟ ಊರಿಗೆ ಹೋಗಲು ಅಪ್ಪಣೆ ಬೇಕಾದಾಗ, ಸತ್ತ ಸುದ್ದಿ ಬಂದಾಗ ಪಾಸಿಗಾಗಿ ಕಾಯಬೇಕಾದಾಗ ಬಳಗವೆಂಬುದು ನಿಧಾನವಾಗಿ ಸಡಿಲಗೊಳ್ಳುತ್ತದೆ. ವಸಾಹತಿನ ಶಾಲೆಯ ಪಾಠದ ಭಾಷೆ ಮಗುವಿನ ಮನೆಯ ಭಾಷೆಯಾಗಿರಲಿಲ್ಲ. ಗಿಡಮೂಲಿಕೆ, ಬೇಟೆ, ಹೆಣಿಗೆ, ದಾರಿಗಳ ಜ್ಞಾನ ತಂದೆಯಿಂದ ಮಗನಿಗೆ ದಾಟಬೇಕಾದ ವಯಸ್ಸಿನಲ್ಲಿ ಇಬ್ಬರನ್ನೂ ಬೇರೆ ಮಾಡುವ ಅಧಿಕಾರವನ್ನು ಕಾನೂನು ಇಟ್ಟುಕೊಂಡಿತ್ತು.

ಹೆಂಗಸರ ಪಾಡು ಬೇರೆಯೇ. ಗಂಡಸು ಜೈಲಿಗೆ ಹೋದರೆ ಗುಡಿಸಲಿನ ಹೊಣೆ, ಹಾಜರಿಯ ಹೊಣೆ, ರಾತ್ರಿ ಬಾಗಿಲು ಬಡಿಯುವವನಿಗೆ ಉತ್ತರಿಸುವ ಹೊಣೆ ಎಲ್ಲವೂ ಹೆಂಗಸಿನದು. ಅವಳು ದೂರು ಕೊಡಬೇಕಾದ ಠಾಣೆ ಮತ್ತು ಅವಳ ಹಾಜರಿ ತೆಗೆದುಕೊಳ್ಳುವ ಠಾಣೆ ಒಂದೇ ಆಗಿತ್ತೆಂಬುದನ್ನು ನೆನೆದರೆ, ಎಷ್ಟೋ ಸಂಗತಿಗಳು ದಾಖಲೆಯಲ್ಲಿ ಏಕೆ ಇಲ್ಲವೆಂಬುದು ತಿಳಿಯುತ್ತದೆ.

ಮತ್ತೊಂದು ಹಾನಿ ಸಾಲದ್ದು. ಸಾಹುಕಾರ ಊರಿನಲ್ಲಿ ಉಳಿಯುವವನಿಗೆ ಸಾಲ ಕೊಡುತ್ತಾನೆ, ರೈತ ನಂಬಿಕೆಯವನಿಗೆ ಹೊಲವನ್ನು ಪಾಲಿಗೆ ಹಾಕುತ್ತಾನೆ. ಸರ್ಕಾರವೇ ಕಳ್ಳನೆಂದು ಬರೆದಿಟ್ಟವನಿಗೆ ಎರಡೂ ದಕ್ಕುವುದಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ಈ ಕಾಯ್ದೆಯ ನೆರಳಿನಲ್ಲಿದ್ದ ಸಮುದಾಯಗಳು ಸುಮಾರು 127, ಜನ ಒಂದು ಕೋಟಿಗೂ ಹೆಚ್ಚು ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಅಷ್ಟು ಜನರಿಗೆ ಮೂರು ತಲೆಮಾರು ಹೊಲ ಸಿಗದಿದ್ದರೆ, ಆಮೇಲೆ ಭೂಸುಧಾರಣೆ ಬಂದಾಗ ಗೇಣಿದಾರರ ಪಟ್ಟಿಯಲ್ಲಿ ಅವರ ಹೆಸರು ಇರುವುದಾದರೂ ಹೇಗೆ?

ರದ್ದಾದ ಕಾಯ್ದೆ, ಉಳಿದ ಕಡತ

ಕಾಯ್ದೆಗೆ ವಿರೋಧ ತಡವಾಗಿ ಬಂದಿತು. 1936ರಲ್ಲಿ ನೆಲ್ಲೂರಿನಲ್ಲಿ ಮಾತನಾಡಿದ ಜವಾಹರಲಾಲ್ ನೆಹರೂ, ಯಾವ ಬುಡಕಟ್ಟನ್ನೂ ಹಾಗೆ ಇಡಿಯಾಗಿ ಅಪರಾಧಿ ಎನ್ನಲಾಗದು, ಈ ಕಾಯ್ದೆ ನಾಗರಿಕ ಸ್ವಾತಂತ್ರ್ಯದ ನಿರಾಕರಣೆ ಎಂದು ಖಂಡಿಸಿದರು. ಮುಂಬಯಿ ಪ್ರಾಂತದಲ್ಲಿ 1937ರ ಕಾಂಗ್ರೆಸ್ ಸರ್ಕಾರ ಕಾಯ್ದೆಯನ್ನು ಪರಿಶೀಲಿಸಲು ಕೆ. ಎಂ. ಮುನ್ಶಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಮುಂಬಯಿ 1949ರಲ್ಲಿ ಕಾಯ್ದೆಯನ್ನು ತೆಗೆದುಹಾಕಿತು. ಕಾಯ್ದೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ದೇಶದಾದ್ಯಂತ ಅದು ರದ್ದಾಯಿತು. ಈ ಸಮುದಾಯಗಳ ಜನ ಆಗಸ್ಟ್ 31ನ್ನು ವಿಮುಕ್ತಿ ದಿನವೆಂದು ಆಚರಿಸುತ್ತಾರೆ.

ಆದರೆ ಅದೇ ಅಯ್ಯಂಗಾರ್ ಸಮಿತಿ ರೂಢಿಗತ ಅಪರಾಧಿಗಳ ಬಗ್ಗೆ ಬೇರೊಂದು ಕಾನೂನು ತರಬೇಕೆಂದೂ ಸಲಹೆ ಮಾಡಿತ್ತು. ರಾಜ್ಯಗಳು ಅಂಥ ಕಾನೂನುಗಳನ್ನು ಮಾಡಿದವು. 1956ರಲ್ಲಿ ವಿಜಾಪುರ ಸೇರಿಕೊಂಡ ರಾಜ್ಯದಲ್ಲಿ ಅದು 1961ರಲ್ಲಿ ಬಂದಿತು. ಕಾಗದದ ಮೇಲೆ ವ್ಯತ್ಯಾಸ ದೊಡ್ಡದು: ಹಳೆಯದು ಸಮುದಾಯವನ್ನು ಹಿಡಿಯುತ್ತಿತ್ತು, ಹೊಸದು ಹಲವು ಬಾರಿ ಶಿಕ್ಷೆಯಾದ ವ್ಯಕ್ತಿಯನ್ನು ಹಿಡಿಯುತ್ತದೆ. ಆದರೆ ಹಲವು ಬಾರಿ ಶಿಕ್ಷೆಯಾದವರು ಯಾರು? ಹಿಂದಿನ ಕಾನೂನಿನ ರಿಜಿಸ್ಟರಿನಲ್ಲಿ ಇದ್ದವರೇ. ಅದೇ ಠಾಣೆ, ಅದೇ ಗುಮಾಸ್ತ, ಅದೇ ಊರುಗಳ ಪಟ್ಟಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ಕಾನೂನುಗಳನ್ನು ರದ್ದುಪಡಿಸಲು ಶಿಫಾರಸು ಮಾಡಿತು, 2007ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನ ಸಮಿತಿಯೂ ಅದನ್ನೇ ಹೇಳಿತು.

ಸಮುದಾಯಗಳು ಒಂದೇ ಸುಳ್ಳಿನಿಂದ ನೊಂದರೂ ಪರಿಹಾರದ ಪಟ್ಟಿಗಳಲ್ಲಿ ಚದುರಿ ಹೋದವು. ಕರ್ನಾಟಕದಲ್ಲಿ ಕೊರಚ, ಕೊರಮರು ಪರಿಶಿಷ್ಟ ಜಾತಿಯಲ್ಲಿ, ಹರಣಶಿಕಾರಿಗಳು ಪರಿಶಿಷ್ಟ ಪಂಗಡದಲ್ಲಿ, ಛಪ್ಪರಬಂದರು ಹಿಂದುಳಿದ ವರ್ಗದಲ್ಲಿ ಬರುತ್ತಾರೆ. ಅವರನ್ನು ಒಟ್ಟಾಗಿ ನೋಡಿದ ರೆಂಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು, ಇದಾತೆ ಆಯೋಗ ಅದರ ನಂತರ ಕೊಟ್ಟಿತು. ಎರಡೂ ವರದಿಗಳು ನೆಲೆಯಿಲ್ಲದ ಜನರಿಗೆ ಜಾತಿ ಪ್ರಮಾಣಪತ್ರ ಸಿಗುವುದೇ ಎಷ್ಟು ಕಷ್ಟವೆಂದು ಬರೆದಿವೆ. ಒಮ್ಮೆ ಪಾಸಿಲ್ಲವೆಂದು ಶಿಕ್ಷೆಗೊಳಗಾದವರ ಮೊಮ್ಮಗ ಈಗ ವಾಸದ ದಾಖಲೆ ಇಲ್ಲವೆಂದು ಕಚೇರಿಯಿಂದ ಹಿಂತಿರುಗುತ್ತಾನೆ.

ಸುಳ್ಳಿನ ಹೊಸ ವಾಹನ

2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಯಲ್ಲಿ ಭಿಕ್ಷೆಗೆ ಬಂದ ಐವರನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ಕಾರಣ ಮೊಬೈಲಿನಲ್ಲಿ 

ಹರಡಿದ ವದಂತಿ. ಸತ್ತವರು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು, ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ವಿಜಯಪುರ ಜಿಲ್ಲೆಯ ಗಡಿಗೆ ತೀರ ಹತ್ತಿರದ ಸೀಮೆ ಅದು, ಅಲ್ಲಿ ಕನ್ನಡ ಬಲ್ಲವರೂ ಬಹಳ. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇದೇ ವದಂತಿ ಹೈದರಾಬಾದಿನ ಯುವಕನೊಬ್ಬನ ಜೀವ ತೆಗೆಯಿತು. ಆತ ಅಲೆಮಾರಿಯಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಅಪರಿಚಿತನೆಂದರೆ ಕಳ್ಳ ಎಂಬ ಪಾಠವನ್ನು ಒಮ್ಮೆ ಕಲಿತ ಗುಂಪು ಮುಂದೆ ಯಾರನ್ನು ಅಪರಿಚಿತನೆಂದು ಆರಿಸಿಕೊಳ್ಳುತ್ತದೆ ಎಂಬುದು ಯಾರ ಹತೋಟಿಯಲ್ಲೂ ಇರುವುದಿಲ್ಲ.

ಆ ದಿನಗಳಲ್ಲಿ ಪೊಲೀಸರು ವದಂತಿ ನಂಬಬೇಡಿ ಎಂದು ಊರೂರಲ್ಲಿ ಪ್ರಚಾರ ಮಾಡಿದರು, ವಾಟ್ಸ್‌ಆ್ಯಪ್ ಒಂದು ಸಂದೇಶವನ್ನು ಎಷ್ಟು ಕಡೆ ದಾಟಿಸಬಹುದೆಂಬುದಕ್ಕೆ ಮಿತಿ ಹಾಕಿತು. ಎರಡೂ ಬೇಕಾಗಿದ್ದ ಕ್ರಮಗಳೇ. ಆದರೆ ಸಂದೇಶಕ್ಕೆ ಕಿಡಿಯ ಶಕ್ತಿ ಮಾತ್ರ ಇತ್ತು. ಚೀಲ ಹೊತ್ತು ಊರೂರು ತಿರುಗುವ, ಬೇರೆ ಭಾಷೆ ಆಡುವ, ಬೇರೆ ಉಡುಪಿನ ಬಡವನನ್ನು ಕಂಡೊಡನೆ ಮಗುವನ್ನು ಒಳಗೆ ಕರೆದುಕೊಳ್ಳುವ ಅಭ್ಯಾಸ ಮೊಬೈಲಿಗಿಂತ ಬಹಳ ಹಳೆಯದು. ಅದನ್ನು ಕಲಿಸಿದ್ದರಲ್ಲಿ ಅಧಿಸೂಚನೆಗಳದ್ದೂ ಪಾಲಿದೆ, ಗಾದೆಗಳದ್ದೂ ಪಾಲಿದೆ.

2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ ಜೈಲುಗಳಲ್ಲಿ ಜಾತಿಯ ಆಧಾರದ ಮೇಲೆ ಕೆಲಸ ಹಂಚುವ ನಿಯಮಗಳನ್ನು ಅಸಾಂವಿಧಾನಿಕವೆಂದು ಹೊಡೆದುಹಾಕಿತು. ಅದೇ ತೀರ್ಪಿನಲ್ಲಿ ವಿಮುಕ್ತ ಬುಡಕಟ್ಟುಗಳ ಪ್ರಶ್ನೆಯನ್ನೂ ಎತ್ತಿಕೊಂಡು, ಜೈಲು ಕೈಪಿಡಿಗಳಲ್ಲಿ ರೂಢಿಗತ ಅಪರಾಧಿ ಎಂಬ ಹಣೆಪಟ್ಟಿಯನ್ನು ಸಮುದಾಯದ ಆಧಾರದಿಂದ ಹಚ್ಚುವಂತಿಲ್ಲ ಎಂದಿತು. ಈ ಸಮುದಾಯಗಳ ಜನರನ್ನು ಮನಬಂದಂತೆ ಬಂಧಿಸದಂತೆ, ಬಂಧನದ ಬಗ್ಗೆ ತಾನು ಹಿಂದೆ ಕೊಟ್ಟ ಮಾರ್ಗಸೂಚಿಗಳನ್ನು ಪೊಲೀಸರು ಪಾಲಿಸಬೇಕೆಂದೂ ಆದೇಶಿಸಿತು. ಆ ಆದೇಶ ಜಾರಿಯಾಗಿದೆಯೇ ಎಂದು ತಿಳಿಯಲು ದೆಹಲಿಗೆ ಹೋಗಬೇಕಾಗಿಲ್ಲ. ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಜಾತ್ರೆಗೆ ಮುಂಚೆ ಠಾಣೆಗೆ ಯಾರನ್ನು ಕರೆಸುತ್ತಾರೆ, ಹಾಗೆ ಕರೆಸಿದವರ ವಿರುದ್ಧ ನ್ಯಾಯಾಲಯದಲ್ಲಿ ಎಷ್ಟು ಅಪರಾಧಗಳು ಸಾಬೀತಾಗಿವೆ, ಅವರಲ್ಲಿ ಎಷ್ಟು ಮಂದಿಯ ಅಡ್ಡಹೆಸರು ಹಳೆಯ ಅಧಿಸೂಚನೆಗಳ ಸಮುದಾಯಗಳದ್ದು ಎಂಬ ಮೂರು ವಿವರಗಳನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು. ಮೊದಲ ಎರಡಕ್ಕೆ ಠಾಣೆಯ ದಾಖಲೆಯಲ್ಲೇ ಉತ್ತರವಿರಬೇಕು. ಮೂರನೆಯದನ್ನು ಕೇಳಿದವರೇ ಎಣಿಸಿಕೊಳ್ಳಬೇಕಾದೀತು.